ಶಿಸ್ತಿನ ಶಿವಪ್ಪನಾಯಕ

ಶಾಲೆಯ ಹುಡುಗನಿಗೆ ಶಿಸ್ತು ಎಂದರೆ ಸಾಲಾಗಿ ನಿಲ್ಲುವುದು, ಗಂಟೆ ಹೊಡೆದೊಡನೆ ಮಾತು ನಿಲ್ಲಿಸುವುದು, ಮೇಷ್ಟರ ಎದುರಿಗೆ ಕೈಕಟ್ಟಿಕೊಂಡಿರುವುದು. ಆದುದರಿಂದ ಸಾಗರ, ಹೊಸನಗರ, ತೀರ್ಥಹಳ್ಳಿಯ ಕಡೆಯ ಹಿರಿಯರು ಶಿಸ್ತಿನ ಶಿವಪ್ಪನಾಯಕ ಎಂದು ಹೆಸರು ಹೇಳಿದಾಗ, ಆತನು ಬಹಳ ಬಿಗಿಯಾದ ದೊರೆಯಾಗಿದ್ದಿರಬೇಕು, ತಪ್ಪಿದವರಿಗೆ ಛಡಿಯೇಟು ಹೊಡೆಸುತ್ತಿದ್ದಿರಬೇಕು ಎಂದು ನಮ್ಮಲ್ಲಿ ಅನೇಕರು ತಿಳಿದುಕೊಳ್ಳುವುದುಂಟು. ಆದರೆ ಈ ಶಿಸ್ತೇ ಬೇರೆ. ಗದ್ದೆ ತೋಟಗಳಿಗೆ ಗೊತ್ತುಮಾಡಿದ ಕಂದಾಯದ ಪ್ರಮಾಣಕ್ಕೆ ಶಿಸ್ತು ಎಂದು ಹೆಸರು. ಬಿರುದಾವಳಿಗಳನ್ನು ಮೈತುಂಬ ಹೊದ್ದುಕೊಂಡಿದ್ದ ಮನೆತನದಲ್ಲಿ ಹುಟ್ಟಿ, ಹಲವು ಕೋಟೆಗಳನ್ನು ಗೆದ್ದ ಈ ದೊರೆಯನ್ನು ಜನರು ನೆನಪಿನಲ್ಲಿಟ್ಟುಕೊಂಡದ್ದು ಕಂದಾಯದ ಹೆಸರಿನಿಂದ! ಕಂದಾಯ ಹಾಕಿದವನನ್ನು ಶಪಿಸುವುದು ಲೋಕರೂಢಿ; ಪ್ರೀತಿಯಿಂದ ನೆನೆಯುವುದು ಅಪರೂಪ. ಆ ಅಪರೂಪಕ್ಕೆ ಕಾರಣವೇನೆಂದು ನೋಡುವುದೇ ಈ ಲೇಖನದ ಉದ್ದೇಶ.

ಮೊದಲು ಐತಿಹ್ಯದ ಮಾತು. ಕೆಳದಿಯ ಅರಸು ಮನೆತನವು ನಿಧಿಯಿಂದ ಹುಟ್ಟಿತೆಂದು ಕಥೆ. ಚೌಡಪ್ಪ, ಭದ್ರಪ್ಪ ಎಂಬ ಅಣ್ಣತಮ್ಮಂದಿರು ಬೇಸಾಯ ಮಾಡಿಕೊಂಡಿದ್ದರು. ಅವರ ಮನೆಯ ಹಸುವೊಂದು ದಿನವೂ ಹೋಗಿ ಒಂದು ಹುತ್ತದ ಮೇಲೆ ಹಾಲು ಸುರಿಸಿ ಬರುತ್ತಿತ್ತು. ಹುತ್ತವನ್ನು ಅಗೆದು ನೋಡಲು ಲಿಂಗವು ದೊರೆಯಿತು. ಅದೇ ಈಗ ಕೆಳದಿಯಲ್ಲಿ ಪೂಜೆಗೊಳ್ಳುತ್ತಿರುವ ರಾಮೇಶ್ವರ. ಅನಂತರ ನೆಲದೊಳಗೆ ನಾಗರಮುರಿ ಎಂಬ ಕತ್ತಿಯೂ ಹೊನ್ನು ತುಂಬಿದ ಕೊಪ್ಪರಿಗೆಯೂ ಸಿಕ್ಕಿದುವು. ಆದರೆ ನಿಧಿಯನ್ನು ಎತ್ತಬೇಕಾದರೆ ನರಬಲಿ ಆಗಬೇಕು. ಆಗ ಮನೆಯ ಆಳುಗಳಾದ ಯಾದವ, ಮುರಾರಿ ಎಂಬಿಬ್ಬರು ತಾವಾಗಿ ಮುಂದೆ ಬಂದು ತಲೆಯೊಡ್ಡಿದರು. ಕೆಳದಿಯ ಅರಸರು ತಮ್ಮ ಬಿರುದುಗಳಲ್ಲಿ ಎಡವಮುರಾರಿ ಎಂದು ಧರಿಸಿದುದು ಆ ಇಬ್ಬರ ನೆನಪಿಗಾಗಿಯೇ ಎಂದು ಜನ ಹೇಳುವರು. ಈ ಇಬ್ಬರು ಆಳುಗಳನ್ನು ವಾಚಕರು ಸ್ವಲ್ಪ ನೆನಪಿನಲ್ಲಿಟ್ಟಿರಬೇಕು. ಅವರ ಮಾತು ಮುಂದೆ ಮತ್ತೊಮ್ಮೆ ಬರುವುದು.

ಕಥೆಯನ್ನು ಬಿಟ್ಟು ಚರಿತ್ರೆಗೆ ಬಂದರೆ, ಸುಮಾರು 1500ರಲ್ಲಿ ಚೌಡಪ್ಪನಾಯಕನು ವಿಜಯನಗರದ ಅಧೀನನಾಗಿ ಕೆಳದಿಯಲ್ಲಿ ನೆಲೆನಿಂತನು. ರಾಜಧಾನಿಯು ಬೇಗನೆ ಹತ್ತಿರದ ಇಕ್ಕೇರಿಗೆ ಹೋಯಿತು. ಆತನ ಮಗ ಸದಾಶಿವನಾಯಕನು ವಿಜಯನಗರದ ಪರವಾಗಿ ಹೋರಾಡಿ ಕೋಟೆಕೋಲಾಹಲನೆನಿಸಿದನು. 1565ರಲ್ಲಿ ವಿಜಯನಗರವು ಬಿದ್ದ ಮೇಲೆ ಇಕ್ಕೇರಿಯವರು ಕ್ರಮಕ್ರಮವಾಗಿ ಸ್ವತಂತ್ರರಾದರು. 1629ರವರೆಗೆ ಆಳಿದ ಹಿರಿಯ ವೆಂಕಟಪ್ಪನಾಯಕನ ಕಾಲಕ್ಕೆ ಘಟ್ಟದ ಮೇಲೂ ಕೆಳಗೂ ಇವರದೇ ಮಾತು ನಡೆಯುತ್ತಿತ್ತು.

ಘಟ್ಟದ ಮೇಲೂ ಕೆಳಗೂ ಎಂದೆನಷ್ಟೆ. ಕೆಳದಿಯ ರಾಜ್ಯವನ್ನು ಅರ್ಥಮಾಡಿಕೊಳ್ಳಬೇಕಾದರೆ ಆಗುಂಬೆಯ ನೆತ್ತಿಯಲ್ಲಿ ನಿಂತು ಪಡುವಣಕ್ಕೆ ಒಮ್ಮೆ ನೋಡಬೇಕು. ಕಾಲಡಿಯಲ್ಲಿ ಸೋಮೇಶ್ವರ, ಅದರಾಚೆ ಹೆಬ್ರಿ, ಉಡುಪಿ, ಆಮೇಲೆ ಕಡಲು. ಬೆನ್ನ ಹಿಂದೆ ತೀರ್ಥಹಳ್ಳಿಯ ಅಡಿಕೆ ತೋಟಗಳು. ವರ್ಷಕ್ಕೆ 7000 ಮಿಲಿಮೀಟರಿಗೂ ಮಿಕ್ಕಿ ಮಳೆ ಸುರಿಯುವ ಈ ಸೀಮೆಯಲ್ಲಿ ಮೆಣಸು, ಅಡಿಕೆ, ಏಲಕ್ಕಿ ಬೆಳೆದುವು; ಕೆಳಗಿನ ಬಯಲಿನಲ್ಲಿ ಅಕ್ಕಿ ಬೆಳೆಯಿತು. ಮೇಲಿನದು ಕೆಳಗಿಳಿಯಬೇಕು, ಉಪ್ಪು ಮೇಲೇರಬೇಕು. ಎರಡಕ್ಕೂ ಆಗುಂಬೆ, ಹೊಸಂಗಡಿ, ಕೊಲ್ಲೂರು, ಗೇರುಸೊಪ್ಪೆಗಳಂಥ ಕೆಲವೇ ಕಣಿವೆಗಳು. ಈ ಕಣಿವೆಗಳ ಬಾಯಲ್ಲಿ ಕುಳಿತವನಿಗೆ ಹೊನ್ನಿನ ಕೊಪ್ಪರಿಗೆಯನ್ನು ಹುತ್ತದಿಂದ ಅಗೆದು ತೆಗೆಯುವ ಅಗತ್ಯವೇನು? ಎತ್ತುಗಳ ಹೇರು ದಾಟಿದಷ್ಟು ಸಲವೂ ಸುಂಕ ಬರುತ್ತಿತ್ತು.

1623ರಲ್ಲಿ ಇಟಲಿಯ ಪ್ರವಾಸಿ ಪಿಯೆತ್ರೊ ದೆಲ್ಲಾ ವಲ್ಲೆ ಎಂಬುವನು ಹೊನ್ನಾವರದಿಂದ ಗೇರುಸೊಪ್ಪೆಯ ಮಾರ್ಗವಾಗಿ ಘಟ್ಟ ಹತ್ತಿ ಇಕ್ಕೇರಿಗೆ ಬಂದನು. ಅರಮನೆ, ಮೆರವಣಿಗೆ, ಹೆಣ್ಣುಮಕ್ಕಳ ಕೋಲಾಟ ಎಲ್ಲವನ್ನೂ ಬರೆದಿಟ್ಟಿದ್ದಾನೆ. ಆದರೆ ನನಗೆ ಎಲ್ಲಕ್ಕಿಂತ ಹಿಡಿಸಿದುದು ಆತನು ದಾರಿಯಲ್ಲಿ ಕಂಡ ಒಂದು ಸಣ್ಣ ನೋಟ. ದೇವಾಲಯವೊಂದರ ಜಗಲಿಯಲ್ಲಿ ಹುಡುಗರು ಕುಳಿತು, ನೆಲದ ಮೇಲೆ ಮರಳು ಹರಡಿ, ಬೆರಳಿನಿಂದ ಅಂಕೆಗಳನ್ನು ಬರೆಯುತ್ತ, ರಾಗವಾಗಿ ಒಟ್ಟಿಗೆ ಹೇಳಿಕೊಳ್ಳುತ್ತ ಲೆಕ್ಕ ಕಲಿಯುತ್ತಿದ್ದರಂತೆ. ಮರಳು ತುಂಬಿದ ಮೇಲೆ ಅಳಿಸಿ ಮತ್ತೆ ಬರೆಯುವುದು. ಇಂಥ ಜಗಲಿಗಳಲ್ಲಿ ಕಲಿತವರೇ ಮುಂದೆ ಶಾನುಭೋಗರಾದರು. ಅವರಿಲ್ಲದಿದ್ದರೆ ಶಿವಪ್ಪನಾಯಕನ ಶಿಸ್ತು ಹುಟ್ಟುತ್ತಲೇ ಇರಲಿಲ್ಲ.

ಶಿವಪ್ಪನು ಅದೇ ಮನೆತನದ ಇನ್ನೊಂದು ಕವಲಿನವನು, ಸಿದ್ದಪ್ಪನಾಯಕನ ಮಗ. ಪಟ್ಟವು ಆತನಿಗೆ ನೇರವಾಗಿ ಬರತಕ್ಕದ್ದಾಗಿರಲಿಲ್ಲ. ವೆಂಕಟಪ್ಪನಾಯಕನ ತರುವಾಯ ಆತನ ಮೊಮ್ಮಗ ವೀರಭದ್ರನಾಯಕನು 1629ರಲ್ಲಿ ಸಿಂಹಾಸನವೇರಿದನು. ವೀರಭದ್ರನ ಕಾಲವೆಲ್ಲ ಸಂಕಟದ ಕಾಲ. ಬಿಜಾಪುರದ ಸೇನಾಪತಿ ರಣದುಲ್ಲಾಖಾನನು ದಂಡೆತ್ತಿ ಬಂದನು. ಬಸವಾಪಟ್ಟಣದ ಕೆಂಗಹನುಮನಾಯಕನು ಆತನ ಜೊತೆಗೂಡಿ ದಾರಿ ತೋರಿಸಿದನು. 1637ರ ಕೊನೆಯಲ್ಲಿ ಇಕ್ಕೇರಿಯು ಶತ್ರುಗಳ ಕೈಸೇರಿತು. ವೀರಭದ್ರನು ಅಪಾರ ಹಣ ಕೊಟ್ಟು ರಾಜ್ಯವನ್ನು ಉಳಿಸಿಕೊಳ್ಳಬೇಕಾಯಿತು. ಇಕ್ಕೇರಿಯ ಬಯಲು ಕುದುರೆಯ ದಂಡಿಗೆ ಅನುಕೂಲವಾದ ನೆಲ. ಅಲ್ಲಿ ಇನ್ನು ಕುಳಿತಿರುವುದು ಕ್ಷೇಮವಲ್ಲವೆಂದು ಕಂಡು, 1639ರ ಸುಮಾರಿಗೆ ರಾಜಧಾನಿಯನ್ನು ಬಿದನೂರಿಗೆ ಸಾಗಿಸಿದರು.

ಬಿದನೂರೆಂದರೆ ಬಿದಿರಿನ ಊರು. ಸಂಸ್ಕೃತ ಬಲ್ಲವರು ಅದನ್ನೇ ವೇಣುಪುರವೆಂದರು. ಮೊದಲು ಅದು ಬಿದಿರು ಮೆಳೆಗಳ ನಡುವೆ ನೀಲಕಂಠೇಶ್ವರನ ಗುಡಿಯೊಂದು, ಅದರ ಸುತ್ತ ನಾಲ್ಕಾರು ಮನೆಗಳು ಇಷ್ಟೇ ಇದ್ದ ಹಳ್ಳಿ. ಆದರೆ ಸುತ್ತಲೂ ಗುಡ್ಡ, ಗುಡ್ಡದ ಸುತ್ತ ಕಾಡು, ಕಾಡಿನ ನಡುವೆ ಇಕ್ಕಟ್ಟಾದ ದಾರಿಗಳು. ಹೊಸಂಗಡಿ ಘಟ್ಟವು ಅಲ್ಲಿಂದಲೇ ಕುಂದಾಪುರ, ಬಸರೂರುಗಳ ಕಡೆಗೆ ಇಳಿಯುವುದು. ವೈರಿಗೆ ದೂರ, ವ್ಯಾಪಾರಕ್ಕೆ ಹತ್ತಿರ. ಈ ಎರಡು ಗುಣಗಳನ್ನು ಒಟ್ಟಿಗೆ ಕಂಡವರ ಜಾಣ್ಮೆಯನ್ನು ಮೆಚ್ಚಲೇಬೇಕು.

1645ರಲ್ಲಿ ಮಕ್ಕಳಿಲ್ಲದ ವೀರಭದ್ರನಾಯಕನು ಪಟ್ಟವನ್ನು ಶಿವಪ್ಪನಿಗೆ ಬಿಟ್ಟುಕೊಟ್ಟು ವಿರಕ್ತನಾದನೆಂದು ಲಿಂಗಣ್ಣ ಕವಿಯ ಕೆಳದಿನೃಪವಿಜಯವು ಹೇಳುವುದು. ಇದು ಆಸ್ಥಾನದ ಪರಂಪರೆಯ ಮಾತು. ಗೆದ್ದವರ ಮನೆಯಲ್ಲಿ ಬೆಳೆದ ಕಥೆಯನ್ನು ಚರಿತ್ರೆಯ ವಿದ್ಯಾರ್ಥಿಯು ಒಂದು ಕಣ್ಣು ತೆರೆದಿಟ್ಟುಕೊಂಡೇ ಓದಬೇಕು. ಅದು ಹೇಗಾದರೂ ಇರಲಿ, ರಣದುಲ್ಲಾಖಾನನ ದಾಳಿಯಿಂದ ಬಳಲಿದ್ದ ರಾಜ್ಯಕ್ಕೆ ಗಟ್ಟಿಯಾದ ಕೈಯೊಂದು ದೊರೆಯಿತು.

ಶಿವಪ್ಪನಾಯಕನ ಯುದ್ಧಗಳನ್ನು ಒಂದೊಂದಾಗಿ ವಿಸ್ತರಿಸಿದರೆ ಈ ಸಂಚಿಕೆಯ ಪುಟಗಳು ಸಾಲವು. ಮುಖ್ಯವಾದುದು ಕರಾವಳಿಯದು. ಪೋರ್ಚುಗೀಸರು 1568-69ರ ಸುಮಾರಿನಿಂದ ಮಂಗಳೂರು, ಹೊನ್ನಾವರಗಳಲ್ಲಿ ಕೋಟೆ ಕಟ್ಟಿಕೊಂಡು ಕುಳಿತಿದ್ದರು. ಬಸರೂರು, ಗಂಗೊಳ್ಳಿಗಳಲ್ಲಿಯೂ ಅವರ ಠಾಣ್ಯಗಳಿದ್ದುವು. ಗೋವೆಯ ಅನ್ನದ ಪಾತ್ರೆ ತುಂಬುತ್ತಿದ್ದುದು ಬಸರೂರಿನ, ಮಂಗಳೂರಿನ ಅಕ್ಕಿಯಿಂದ. ಅಕ್ಕಿ ನಮ್ಮದು, ಮೆಣಸು ನಮ್ಮದು, ಬೆಲೆ ಹೇಳುವವನು ಮಾತ್ರ ಕಡಲಾಚೆಯವನು. ಈ ಸ್ಥಿತಿಯನ್ನು ಶಿವಪ್ಪನಾಯಕನು ಸಹಿಸಲಿಲ್ಲ. 1652ರಿಂದ 1654ರೊಳಗೆ ಗಂಗೊಳ್ಳಿ, ಬಸರೂರು, ಹೊನ್ನಾವರ, ಮಂಗಳೂರುಗಳನ್ನು ಒಂದರ ಮೇಲೊಂದಾಗಿ ಅವರಿಂದ ಕಿತ್ತುಕೊಂಡನು. ತೆಂಕಲಿಗೆ ನೀಲೇಶ್ವರದವರೆಗೆ ಆತನ ದಂಡು ಹೋಯಿತು. ಈಗ ಕೇರಳಕ್ಕೆ ಸೇರಿರುವ ಕಾಸರಗೋಡು ಜಿಲ್ಲೆಯ ಬೇಕಲ ಕೋಟೆಯನ್ನೂ ಚಂದ್ರಗಿರಿ ಕೋಟೆಯನ್ನೂ ಕಟ್ಟಿಸಿದವನು ಶಿವಪ್ಪನಾಯಕನೆಂದೇ ಪ್ರಸಿದ್ಧಿ. ಬೇಕಲದಲ್ಲಿ ಕಡಲಿಗೆ ಮುಖಮಾಡಿ ನಿಂತ ಆ ಕೋಟೆಯನ್ನು ನೋಡಿದವರಿಗೆ, ಮಲೆನಾಡಿನ ಬಿದಿರು ಮೆಳೆಯ ನಡುವಿನ ಒಂದು ಊರಿನಿಂದ ಅಷ್ಟು ದೂರ ಕೈಚಾಚಿದವನ ಎದೆಗಾರಿಕೆ ಎಂಥದೆಂದು ತಿಳಿಯುವುದು.

ಇನ್ನೊಂದು ಪ್ರಸಂಗವನ್ನು ಹೇಳದೆ ಬಿಡುವಂತಿಲ್ಲ. ವಿಜಯನಗರದ ಕೊನೆಯ ಅರಸನೆನ್ನಬಹುದಾದ ಮೂರನೆಯ ಶ್ರೀರಂಗರಾಯನು ರಾಜ್ಯ ಕಳೆದುಕೊಂಡು ಅಲೆಯುತ್ತ ಶಿವಪ್ಪನಾಯಕನ ಆಶ್ರಯಕ್ಕೆ ಬಂದನು. ಒಂದು ಕಾಲಕ್ಕೆ ಕೆಳದಿಯವರು ತಲೆಬಾಗಿದ ಸಿಂಹಾಸನದ ವಾರಸುದಾರನು ಅವರ ಬಾಗಿಲಲ್ಲಿ ನಿಂತಿದ್ದನು. ಶಿವಪ್ಪನಾಯಕನು ಆತನಿಗೆ ಬೇಲೂರು, ಸಕ್ಕರೆಪಟ್ಟಣಗಳನ್ನು ಬಿಟ್ಟುಕೊಟ್ಟು, ಆತನ ಹೆಸರಿನಲ್ಲಿ 1659ರ ಹೊತ್ತಿಗೆ ಶ್ರೀರಂಗಪಟ್ಟಣದವರೆಗೆ ದಂಡೆತ್ತಿ ಹೋದನು. ಪಟ್ಟಣವು ಮಾತ್ರ ವಶವಾಗಲಿಲ್ಲ. ಮೈಸೂರಿನ ಕಡೆಯ ಗ್ರಂಥಗಳು ಇದನ್ನೊಂದು ಬಗೆಯಾಗಿ ಹೇಳಿದರೆ ಕೆಳದಿಯ ಕಡೆಯವು ಇನ್ನೊಂದು ಬಗೆಯಾಗಿ ಹೇಳುವುವು; ಎರಡನ್ನೂ ಓದಿದವನಿಗೆ ಸೋತವರಾರೂ ಇರಲಿಲ್ಲವೇನೋ ಎನಿಸುವುದು! ಹಳೆಯ ಒಡೆಯನ ಮೇಲಿನ ಭಕ್ತಿ ಇದರಲ್ಲಿ ಎಷ್ಟು, ಮೈಸೂರಿನ ಮೇಲಿನ ಹಗೆ ಎಷ್ಟು ಎಂದು ತೂಗುವುದು ಕಷ್ಟ. ಎರಡೂ ಇದ್ದುವೆಂದೇ ನನ್ನ ಅಭಿಪ್ರಾಯ.

ಈಗ ಶಿಸ್ತಿನ ವಿಷಯಕ್ಕೆ ಬರೋಣ.

ದೊರೆಗಳು ಕಂದಾಯ ಗೊತ್ತುಮಾಡುವ ಸಾಮಾನ್ಯ ವಿಧಾನವು ಬಹಳ ಸುಲಭ: ತನಗೆಷ್ಟು ಬೇಕೆಂದು ದೊರೆಯು ಹೇಳುವನು, ಅಧಿಕಾರಿಯು ಅದಕ್ಕೆ ತನ್ನದನ್ನು ಸೇರಿಸುವನು, ರೈತನು ತೆರುವನು. ಶಿವಪ್ಪನಾಯಕನು ಹೀಗೆ ಮಾಡಲಿಲ್ಲ. ರೈಸ್ ಸಾಹೇಬರ ಮೈಸೂರು ಗ್ಯಾಸೆಟಿಯರಿನಲ್ಲಿ ಆತನ ಕ್ರಮವು ವಿವರವಾಗಿದೆ. ಪ್ರತಿಯೊಂದು ಗ್ರಾಮದಲ್ಲಿಯೂ ಒಂದೊಂದು ತರದ ನೆಲಕ್ಕೆ ಒಂದೊಂದು ಗದ್ದೆಯನ್ನು ಆರಿಸಿ, ಅದನ್ನು ಅರಮನೆಯ ಖರ್ಚಿನಿಂದಲೇ 12 ವರ್ಷಗಳ ಕಾಲ ಸಾಗುವಳಿ ಮಾಡಿಸಿದನು. ಬಿತ್ತಿದ ಬೀಜವೆಷ್ಟು, ಬೇಸಾಯಕ್ಕೆ ತಗಲಿದ ವೆಚ್ಚವೆಷ್ಟು, ಬಂದ ಭತ್ತವೆಷ್ಟು, ಅದರ ಬೆಲೆಯೆಷ್ಟು ಎಂಬುದನ್ನು ವರ್ಷವರ್ಷವೂ ಬರೆಯಿಸಿದನು. ಅತಿವೃಷ್ಟಿಯ ವರ್ಷವೂ ಅದರಲ್ಲಿ ಬಂತು, ಹುಲುಸಾಗಿ ಬೆಳೆದ ವರ್ಷವೂ ಬಂತು. ಹನ್ನೆರಡು ವರ್ಷದ ಒಟ್ಟನ್ನು ಹನ್ನೆರಡರಿಂದ ಭಾಗಿಸಿ ಸರಾಸರಿ ತೆಗೆದನು. ನೆಲವನ್ನು ಉತ್ತಮ, ಮಧ್ಯಮ, ಕನಿಷ್ಠ, ಅಧಮ, ಅಧಮಾಧಮ ಎಂದು ಐದು ತರಗಳಾಗಿ ವಿಂಗಡಿಸಿದನು. 50 ಸೇರಿನ ಒಂದು ಖಂಡುಗಕ್ಕೆ ಒಂದು ಹಣವೆಂದು ಬೆಲೆ ಕಟ್ಟಿ, ಒಟ್ಟು ಹುಟ್ಟುವಳಿಯಲ್ಲಿ ಮೂರರಲ್ಲೊಂದು ಪಾಲು ಅರಮನೆಗೆಂದು ನಿಶ್ಚಯಿಸಿದನು.

ಶಿವಪ್ಪನಾಯಕನು ಆಳಿದುದು 1645ರಿಂದ 1660ರವರೆಗೆ, ಒಟ್ಟು 15 ವರ್ಷ. ಅದರಲ್ಲಿ 12 ವರ್ಷ ಗದ್ದೆಯ ಲೆಕ್ಕ ನಡೆಯುತ್ತಿತ್ತು ಎಂದರೆ, ಮಂಗಳೂರಿನಲ್ಲಿ ಫಿರಂಗಿ ಹಾರುತ್ತಿದ್ದಾಗಲೂ, ಶ್ರೀರಂಗರಾಯನ ಪರಿವಾರವು ಬಿದನೂರಿಗೆ ಬಂದಿಳಿದಾಗಲೂ, ಯಾವುದೋ ಹಳ್ಳಿಯ ಕಣದಲ್ಲಿ ಶಾನುಭೋಗನೊಬ್ಬನು ಕೊಳಗ ಎಣಿಸುತ್ತ ಕುಳಿತಿದ್ದನು. ಗೆಲ್ಲುವ ಅವಸರವಿದ್ದ ದೊರೆಗೆ ಎಣಿಸುವ ತಾಳ್ಮೆಯೂ ಇತ್ತು. ಇವೆರಡೂ ಒಬ್ಬನಲ್ಲಿಯೇ ಕೂಡಿದ್ದುದನ್ನು ನಮ್ಮ ನಾಡಿನ ಚರಿತ್ರೆಯಲ್ಲಿ ನಾನು ಹೆಚ್ಚಾಗಿ ಕಂಡಿಲ್ಲ.

ತೋಟಗಳ ಲೆಕ್ಕವು ಇನ್ನೂ ಸ್ವಾರಸ್ಯವಾದುದು. ಅಡಿಕೆ ತೋಟಕ್ಕೆ ಅಳತೆಗೋಲು ಬೇಕು. ಕೋಲು ಅಧಿಕಾರಿಯ ಕೈಯಲ್ಲಿದ್ದರೆ ಅದು ವರ್ಷಕ್ಕೊಂದು ಉದ್ದವಾಗುವುದು. ಆದುದರಿಂದ ಇಕ್ಕೇರಿಯ ಅಘೋರೇಶ್ವರ ದೇವಾಲಯದ ನಡುಗಂಬಗಳ ನಡುವಣ ಅಂತರವನ್ನೇ ಪ್ರಮಾಣವಾಗಿ ಇರಿಸಿಕೊಂಡರೆಂದು ತಿಳಿದುಬರುವುದು. ಅದು ಈಗಿನ ಲೆಕ್ಕದಲ್ಲಿ 18 ಅಡಿ 6 ಅಂಗುಲ. ಆ ಉದ್ದ, ಅಷ್ಟೇ ಅಗಲದ ಚೌಕಕ್ಕೆ ಒಂದು ದಾಯವೆಂದು ಹೆಸರು. ಮರವೊಂದಕ್ಕೆ ಒಂದು ದಾಯ. ಸಾವಿರ ದಾಯಕ್ಕೆ ಇಷ್ಟು ಹೊನ್ನು ಎಂದು ತೋಟದ ಗುಣ ನೋಡಿ ಶಿಸ್ತು. ಸಾವಿರ ದಾಯವೆಂದರೆ ಸುಮಾರು 7 ಎಕರೆ 34 ಗುಂಟೆಯಾಗುವುದು. ಈಗ ನಮ್ಮ ತೋಟಗಳಲ್ಲಿ ಸಾಮಾನ್ಯವಾಗಿ 9 ಅಡಿಗೊಂದು ಅಡಿಕೆ ಸಸಿ ನೆಡುವರು. ಆ ಲೆಕ್ಕದಲ್ಲಿ ಒಂದು ದಾಯದಲ್ಲಿ ನಾಲ್ಕು ಮರ ಹಿಡಿಯುವುದು. ತೋಟದ ಮನೆಯಿಂದ ಬಂದ ಸಹಪಾಠಿಗಳು ಇದನ್ನು ತಮ್ಮ ಹಿರಿಯರಲ್ಲಿ ಚರ್ಚಿಸಿ ನೋಡಬಹುದು. ಕೋಲು ಕಳೆಯಬಹುದು, ಸವೆಯಬಹುದು, ಬದಲಾಗಬಹುದು. ದೇವರೆದುರಿನ ಕಲ್ಲುಕಂಬವನ್ನು ರಾತ್ರೋರಾತ್ರಿ ಸರಿಸುವವರಾರು? ತಕರಾರು ಬಂದರೆ ರೈತನೇ ಇಕ್ಕೇರಿಗೆ ಹೋಗಿ ಹಗ್ಗ ಹಿಡಿದು ನೋಡಬಹುದಾಗಿತ್ತು. ಅಳತೆಯು ಅಳೆಯುವವನ ಕೈಯಿಂದ ತಪ್ಪಿಹೋದುದೇ ಈ ಶಿಸ್ತಿನ ಹೆಚ್ಚಳ.

ಹಾಗೆಂದು ಶಿವಪ್ಪನಾಯಕನ ಆಳ್ವಿಕೆಯನ್ನು ರಾಮರಾಜ್ಯವೆಂದು ಕರೆಯಲು ನನ್ನ ಮನಸ್ಸು ಒಪ್ಪುವುದಿಲ್ಲ. ಹುಟ್ಟುವಳಿಯಲ್ಲಿ ಮೂರರಲ್ಲೊಂದು ಎಂಬುದು ಹಗುರವಾದ ಭಾರವಲ್ಲ. ಧರ್ಮಶಾಸ್ತ್ರಗಳು ಹೇಳುವ ಆರರಲ್ಲೊಂದರ ಎರಡರಷ್ಟು ಅದು. ಅದಕ್ಕಿಂತಲೂ ಮುಖ್ಯವಾದ ಮಾತು ಇನ್ನೊಂದಿದೆ. ಆ ಹನ್ನೆರಡು ವರ್ಷದ ಕಡತದಲ್ಲಿ ಬೀಜ ಬಂತು, ವೆಚ್ಚ ಬಂತು, ಭತ್ತ ಬಂತು; ಗದ್ದೆಗೆ ಇಳಿದು ಕೆಸರು ತುಳಿದವನು ವೆಚ್ಚದ ಅಂಕಣದಲ್ಲಿ ಒಂದು ಅಂಕೆಯಾಗಿ ಮಾತ್ರ ಬಂದನು. ಮಲೆನಾಡಿನಲ್ಲಿ ಹುಟ್ಟಾಳು, ಮಣ್ಣಾಳು ಎಂಬ ಎರಡು ಮಾತುಗಳು ಬಹುಕಾಲ ಬಳಕೆಯಲ್ಲಿದ್ದುವು. ಒಡೆಯನ ಮನೆಗೆ ಹುಟ್ಟಿನಿಂದಲೇ ಆಳಾದವನು ಹುಟ್ಟಾಳು. ನೆಲದ ಜೊತೆಗೇ ಕೈಬದಲಾಗುವವನು ಮಣ್ಣಾಳು. ಶಿಸ್ತು ನೆಲದ ಒಡೆಯನಿಗೂ ಅರಮನೆಗೂ ನಡುವಿನ ನ್ಯಾಯ. ಅದರ ಕೆಳಗಿದ್ದವನಿಗೆ ಅದು ಮುಟ್ಟಲಿಲ್ಲ. ನಿಧಿ ಎತ್ತುವುದಕ್ಕಾಗಿ ತಲೆಯೊಡ್ಡಿದ ಆ ಯಾದವ, ಮುರಾರಿಯರ ಕಥೆ ಹುಟ್ಟಿದುದು ಇಂಥ ನೆಲದಲ್ಲಿಯೇ. ಅವರು ಸಂತೋಷದಿಂದಲೇ ಒಪ್ಪಿಕೊಂಡರೆಂದು ಕಥೆ ಹೇಳುವುದು. ಕಥೆ ಹೇಳಿದವರು ಯಾರ ಜಗಲಿಯಲ್ಲಿ ಕುಳಿತಿದ್ದರೆಂಬುದನ್ನೂ ನಾವು ಯೋಚಿಸಬೇಕು.

ಬಿದನೂರು ಮಾತ್ರ ಶಿವಪ್ಪನಾಯಕನ ಕೈಯಲ್ಲಿ ದಿನದಿನಕ್ಕೆ ಬೆಳೆಯಿತು. ಕೋಟೆ, ಅರಮನೆ, ಪೇಟೆಬೀದಿಗಳು ಎದ್ದುವು. ಘಟ್ಟದ ದಾರಿಯು ಸುಭದ್ರವಾದುದರಿಂದ ವರ್ತಕರು ನಾನಾ ಕಡೆಗಳಿಂದ ಬಂದು ನೆಲೆಸಿದರು. ಆತನು ಲಿಂಗಾಯತ ಮಠಗಳಿಗೆ ದತ್ತಿ ಬಿಟ್ಟಂತೆಯೇ ಶೃಂಗೇರಿಯ ಮಠಕ್ಕೂ ನಡೆದುಕೊಂಡನು. ಊರಿನ ವೈಭವದ ಬಗ್ಗೆ ಒಂದು ಐತಿಹ್ಯವುಂಟು: ಮನೆಗಳ ಸಂಖ್ಯೆ ಏರುತ್ತ ಏರುತ್ತ ಲಕ್ಷದ ಹತ್ತಿರಕ್ಕೆ ಬಂದುದರಿಂದ ಆ ಊರಿಗೆ ನಗರವೆಂಬ ಹೆಸರು ಸಂದಿತಂತೆ. ಲಕ್ಷ ಮನೆ ಎಲ್ಲಿ, ಆ ಗುಡ್ಡಗಳ ಸಂದಿ ಎಲ್ಲಿ! ನಗರವೆಂಬ ಹೆಸರಿನ ನಿಜವಾದ ಮೂಲ ಮುಂದೆ ತಿಳಿಯುವುದು. ಆದರೂ ಜನರು ಲಕ್ಷವೆಂದು ಹೇಳುವಂತಾಗಬೇಕಾದರೆ, ನೋಡಿದವನ ಕಣ್ಣು ತುಂಬುವಷ್ಟಾದರೂ ಮನೆಗಳಿದ್ದಿರಬೇಕು.

1660ರಲ್ಲಿ ಶಿವಪ್ಪನಾಯಕನು ತೀರಿಕೊಂಡನು. ತಮ್ಮ ವೆಂಕಟಪ್ಪನಾಯಕನು ಸ್ವಲ್ಪ ಕಾಲ ಆಳಿದನು. ಆಮೇಲೆ ಹಿರಿಯ ಮಗ ಭದ್ರಪ್ಪನಾಯಕ, ಅನಂತರ 1664ರಲ್ಲಿ ಕಿರಿಯ ಮಗ ಸೋಮಶೇಖರನಾಯಕ. ಈ ಸೋಮಶೇಖರನ ಬುದ್ಧಿ ಕೆಟ್ಟು ರಾಜ್ಯವು ತಬ್ಬಲಿಯಾದಾಗ ಆತನ ರಾಣಿ ಚೆನ್ನಮ್ಮಾಜಿಯು ತೀರ್ಥಹಳ್ಳಿಯ ಹತ್ತಿರದ ಕವಲೇದುರ್ಗದಲ್ಲಿ ನಿಂತು ಅದನ್ನು ಉಳಿಸಿದಳು. 1689ರಲ್ಲಿ ಔರಂಗಜೇಬನ ಸೈನ್ಯಕ್ಕೆ ಹೆದರದೆ ಶಿವಾಜಿಯ ಮಗ ರಾಜಾರಾಮನಿಗೆ ಆಶ್ರಯ ಕೊಟ್ಟವಳು ಈಕೆಯೇ. ಆ ವೀರಕಥೆ ಎಲ್ಲರಿಗೂ ತಿಳಿದುದು. ಸೊಸೆಯ ಹೆಸರು ಮಾವನ ಹೆಸರಿಗಿಂತ ಹೆಚ್ಚು ಬೆಳಗಿತೆಂದರೆ ತಪ್ಪಲ್ಲ. ಆಕೆಯ ಬೊಕ್ಕಸವನ್ನು ತುಂಬಿದುದು ಮಾವನು ಹಾಕಿಕೊಟ್ಟ ಲೆಕ್ಕವೆಂಬುದನ್ನು ಮಾತ್ರ ಮರೆಯಬಾರದು.

ಗೆದ್ದ ನೆಲವು ಉಳಿಯಲಿಲ್ಲ. ಪೋರ್ಚುಗೀಸರು 1670ರ ದಶಕದ ಒಪ್ಪಂದಗಳಿಂದ ಮತ್ತೆ ಮಂಗಳೂರಿನಲ್ಲಿ ಕೋಠಿ ಹೂಡಿದರು. 1763ರಲ್ಲಿ ಹೈದರಾಲಿಯು ಕಾಡಿನ ಒಳದಾರಿಯಿಂದ ಬಿದನೂರಿನ ಮೇಲೆ ಬಿದ್ದನು. ರಾಣಿ ವೀರಮ್ಮಾಜಿಯು ಅರಮನೆಗೆ ಬೆಂಕಿಯಿಡಿಸಿ ತಪ್ಪಿಸಿಕೊಂಡಳು. ಕೊನೆಗೆ ಸೆರೆಸಿಕ್ಕಿ ಮಧುಗಿರಿಯ ಕೋಟೆಗೆ ಹೋದಳು. ಹೈದರನಿಗೆ ಅಲ್ಲಿ ಸಿಕ್ಕಿದ ಸಂಪತ್ತಿನ ಬಗ್ಗೆ ಕೋಟಿಗಳ ಲೆಕ್ಕದಲ್ಲಿ ಮಾತನಾಡುವವರಿದ್ದಾರೆ. ನಿಧಿಯ ಕಥೆಯಿಂದ ಮೊದಲಾದ ಮನೆತನವು ಬೊಕ್ಕಸದ ಕಥೆಯಿಂದ ಮುಗಿಯಿತು. ಹೈದರನು ಊರಿಗೆ ಹೈದರನಗರವೆಂದು ಹೆಸರಿಟ್ಟನು. ಕಾಲಾನಂತರ ಹೈದರನು ಬಿಟ್ಟುಹೋಗಿ ನಗರವು ಉಳಿಯಿತು. ಲಕ್ಷ ಮನೆಯ ಕಥೆಯು ಈ ಹೆಸರಿಗೆ ಆಮೇಲೆ ಹೆಣೆದ ಅಲಂಕಾರ. ಬಿದನೂರಿನ ಟಂಕಸಾಲೆಯನ್ನೂ ಹೈದರನು ಮುಚ್ಚಿಸಲಿಲ್ಲ. ಆತನು ಹೊರಡಿಸಿದ ಬಹದ್ದೂರಿ ಹೊನ್ನಿನ ಒಂದು ಮುಖದಲ್ಲಿ ಇಕ್ಕೇರಿಯ ನಾಣ್ಯದ ಶಿವಪಾರ್ವತಿಯರು ಹಾಗೆಯೇ ಕುಳಿತಿದ್ದರು. ಆ ಮುದ್ರೆಗೆ ಪೇಟೆಯಲ್ಲಿದ್ದ ಬೆಲೆಯನ್ನು ಕೆಡಿಸಿಕೊಳ್ಳುವಷ್ಟು ದಡ್ಡನಲ್ಲ ಹೈದರ್.

1783ರಲ್ಲಿ ಜನರಲ್ ಮ್ಯಾಥ್ಯೂಸನು ಊರನ್ನು ಹಿಡಿದದ್ದು, ಟಿಪ್ಪುವು ಅದನ್ನು ಮರಳಿ ಗೆದ್ದದ್ದು, ಆ ಗದ್ದಲದಲ್ಲಿ ಊರು ಹಾಳಾದುದು, ಇವೆಲ್ಲ ಚರಿತ್ರೆಯ ಪಠ್ಯಪುಸ್ತಕದಲ್ಲಿವೆ. ಇಷ್ಟಾದರೂ ಒಂದು ವಸ್ತು ಸುಡಲಿಲ್ಲ. 1799ರಲ್ಲಿ ಟಿಪ್ಪು ಮಡಿದ ಮೇಲೆ ಕೆನರಾಕ್ಕೆ ಕಲೆಕ್ಟರಾಗಿ ಬಂದ ಥಾಮಸ್ ಮನ್ರೋ 1800ರಲ್ಲಿ ಕರಾವಳಿಯ ಹಳೆಯ ಕಡತಗಳನ್ನು ತೆಗೆಸಿ ನೋಡಿದನು. ಬಿದನೂರಿನವರ ಕಾಲದ ಕಂದಾಯಕ್ಕೆ ರೇಖೆ ಎಂದೂ, ಹೈದರ್ ಟಿಪ್ಪುಗಳು ಅದರ ಮೇಲೆ ಹೇರಿದ ಹೆಚ್ಚುವರಿಗೆ ಶಾಮಿಲು ಎಂದೂ ರೈತರು ಬೇರೆಬೇರೆ ಹೆಸರಿಟ್ಟಿದ್ದರು. ನ್ಯಾಯವಾಗಿ ಕೊಡತಕ್ಕದ್ದು ಎಲ್ಲಿಗೆ ಮುಗಿಯಿತು, ಬಲಾತ್ಕಾರ ಎಲ್ಲಿಂದ ಮೊದಲಾಯಿತು ಎಂಬುದಕ್ಕೆ ಅವರ ಬಾಯಲ್ಲಿ ಗೆರೆಯೊಂದಿತ್ತು. 1801ರಲ್ಲಿ ಈ ಸೀಮೆಯಲ್ಲಿ ಸಂಚರಿಸಿದ ಬುಕಾನನ್ ಎಂಬ ವೈದ್ಯನು ಇಲ್ಲಿಯ ಜನರಿಂದ ಶಿವಪ್ಪನಾಯಕನ ಶಿಸ್ತಿನ ಸಂಗತಿಯನ್ನು ಕೇಳಿ ಬರೆದುಕೊಂಡನು. ಆಗ ಶಿವಪ್ಪನಾಯಕನು ಸತ್ತು 141 ವರ್ಷವಾಗಿತ್ತು. ಆತನ ವಂಶವು ಅಳಿದು 38 ವರ್ಷವಾಗಿತ್ತು.

ಇದಕ್ಕಿಂತ ಬಲವಾದ ಸಾಕ್ಷಿ 1830ರದು. ಮುಮ್ಮಡಿ ಕೃಷ್ಣರಾಜ ಒಡೆಯರ ಆಳ್ವಿಕೆಯಲ್ಲಿ ಕಂದಾಯದ ಭಾರವೂ ವಸೂಲಿಗಾರರ ಕಿರುಕುಳವೂ ತಡೆಯಲಾರದಂತಾಗಿ ನಗರದ ಸೀಮೆಯ ರೈತರು ಕೂಟಗಳನ್ನು ಕಟ್ಟಿಕೊಂಡು ಎದ್ದರು. ಅವರ ನಡುವೆ ಬೂದಿಬಸಪ್ಪನೆಂಬುವನು ತಾನು ಬಿದನೂರಿನ ಅರಸುಕುಲದವನೆಂದು ಹೇಳಿಕೊಂಡು ನಗರದ ದೊರೆಯೆನಿಸಿಕೊಂಡನು. ಆತನು ಅರಸುಕುಲದವನೇ ಎಂಬುದು ದೊಡ್ಡ ಪ್ರಶ್ನೆಯಲ್ಲ. ವಂಶವು ಅಳಿದು ಎರಡು ತಲೆಮಾರು ಕಳೆದ ಮೇಲೂ ಆ ಹೆಸರನ್ನು ಕೂಗಿದರೆ ರೈತರು ಬಂದು ಸೇರುತ್ತಿದ್ದರೆಂಬುದೇ ದೊಡ್ಡ ಸಂಗತಿ. ಈ ದಂಗೆಯೇ ಕಾರಣವಾಗಿ, ಅಥವಾ ನೆಪವಾಗಿ, 1831ರಲ್ಲಿ ಇಂಗ್ಲಿಷರು ಮೈಸೂರಿನ ಆಡಳಿತವನ್ನು ತಾವೇ ವಹಿಸಿಕೊಂಡರು. ಅದು ಮತ್ತೆ ಅರಸರ ಕೈಗೆ ಬಂದುದು 50 ವರ್ಷಗಳ ಮೇಲೆ, 1881ರಲ್ಲಿ.

ಶಿಸ್ತು ಮುಟ್ಟದೆ ಬಿಟ್ಟ ಕೆಳಗಿನವನ ವಿಷಯ ಹೇಳಿದೆನಷ್ಟೆ. ಆತನ ಸರದಿಯು ಬರಲು ಇನ್ನೂ ಬಹಳ ಕಾಲ ಹಿಡಿಯಿತು. 1951ರಲ್ಲಿ ಸಾಗರ ತಾಲ್ಲೂಕಿನ ಕಾಗೋಡಿನಲ್ಲಿ ಗೇಣಿದಾರರು ಸತ್ಯಾಗ್ರಹ ಹೂಡಿದರು. ಹೆಚ್. ಗಣಪತಿಯಪ್ಪನವರು ಅವರನ್ನು ಸಂಘಟಿಸಿದ್ದರು. ಶಾಂತವೇರಿ ಗೋಪಾಲಗೌಡರು, ರಾಮಮನೋಹರ ಲೋಹಿಯಾ ಅವರು ಬಂದು ಸೇರಿದರು. ಜಗಳ ಮೊದಲಾದುದು ಯಾವುದರಿಂದ? ಕೊಳಗದ ಅಳತೆಯಿಂದ. ಗೇಣಿಯ ಭತ್ತವನ್ನು ಅಳೆಯುವ ಕೊಳಗ ಎಷ್ಟು ಸೇರಿನದಾಗಿರಬೇಕು, ಒಡೆಯನ ಮನೆಯ ಕೊಳಗ ದೊಡ್ಡದೇಕೆ ಎಂಬುದೇ ಪ್ರಶ್ನೆ. ಅಘೋರೇಶ್ವರನ ಕಂಬಗಳು ನಿಂತಿರುವ ತಾಲ್ಲೂಕಿನಲ್ಲಿಯೇ, ಅಳತೆಯು ಅಳೆಯುವವನ ಕೈಯಲ್ಲಿರಬಾರದೆಂದು ಈ ಬಾರಿ ಉಳುವವನು ಕೇಳಿದನು. ಆ ಕೂಗು 1974ರ ಭೂಸುಧಾರಣೆಯ ಶಾಸನದವರೆಗೆ ಕೇಳಿಸುತ್ತಲೇ ಇತ್ತು.

ಈಗ ಶಿವಪ್ಪನಾಯಕನ ಗುರುತುಗಳನ್ನು ಹುಡುಕಿಕೊಂಡು ಹೋಗುವವರು ಮೊದಲು ಶಿವಮೊಗ್ಗಕ್ಕೆ ಹೋಗುವುದು ವಾಡಿಕೆ. ಅಲ್ಲಿ ತುಂಗೆಯ ದಡದಲ್ಲಿ ಶಿವಪ್ಪನಾಯಕನ ಅರಮನೆ ಎಂಬ ಹಲಗೆ ಇದೆ, ಒಳಗೆ ವಸ್ತುಸಂಗ್ರಹಾಲಯವಿದೆ. ಕಟ್ಟಡವು ಚೆನ್ನಾಗಿದೆ, ಆದರೆ ಅದು ಹದಿನೆಂಟನೆಯ ಶತಮಾನದ್ದು, ಹೈದರನ ಕಾಲದ್ದು ಎನ್ನುವರು ತಿಳಿದವರು. ಊರನ್ನು ಕಿತ್ತುಕೊಂಡವನ ಮನೆಗೆ ಕಳೆದುಕೊಂಡವರ ಹಿರಿಯನ ಹೆಸರು! ಜನರ ಅಭಿಮಾನವು ಹೀಗೆಯೂ ನ್ಯಾಯ ತೀರಿಸುವುದುಂಟು.

ನಗರವು ಈಗ ಹೊಸನಗರ ತಾಲ್ಲೂಕಿನ ಒಂದು ಸಣ್ಣ ಊರು. ತಾಲ್ಲೂಕು ಕಚೇರಿಯು ಕಲ್ಲೂರುಕಟ್ಟೆಗೆ ಹೋದಾಗ ಆ ಊರು ಹೊಸನಗರವಾಯಿತು; ಹೆಸರನ್ನೂ ಅಧಿಕಾರವನ್ನೂ ಕೊಟ್ಟ ಹಳೆಯದು ಬರಿಯ ನಗರವಾಗಿ ಹಿಂದೆ ಉಳಿಯಿತು. ಕೋಟೆಯ ಗೋಡೆಗಳ ಮೇಲೆ ಪಾಚಿ ಕಟ್ಟಿದೆ. ದರ್ಬಾರಿನ ಜಗಲಿ, ಅಕ್ಕತಂಗಿಯರ ಕೊಳ, ಗುಡ್ಡೆ ವೆಂಕಟರಮಣನ ಗುಡಿ ಇವೆ. ಊರಾಚೆ ದೇವಗಂಗೆಯ ಕಲ್ಲುಕಟ್ಟಿದ ಕೊಳಗಳಿಗೆ ಬೇಸಗೆಯಲ್ಲಿಯೂ ನೀರು ಹರಿದುಬರುತ್ತದೆ. ಮಲೆನಾಡಿನ ಹಾಳು ಕೋಟೆಗಳಲ್ಲೆಲ್ಲ ಕಾಣುವಂತೆ ನಿಧಿಯ ಆಸೆಯಿಂದ ಯಾರೋ ಅಗೆದು ಬಿಟ್ಟ ಗುಂಡಿಗಳು ಇಲ್ಲಿಯೂ ಉಂಟು. ಕೋಟೆಯ ಬಾಗಿಲಿನಿಂದ ಹೊರಬಂದರೆ ರಸ್ತೆಯ ಎರಡು ಪಕ್ಕಕ್ಕೂ ಗದ್ದೆ. ಮಳೆಗಾಲದಲ್ಲಿ ಹೋದವರಿಗೆ ಅಲ್ಲಿ ನಾಟಿ ನಡೆಯುತ್ತಿರುವುದು ಕಾಣುವುದು.